ಜೇನು ನೆಕ್ಕಿದರೆ ಧ್ವನಿಪೆಟ್ಟಿಗೆಗೆ ತಲುಪುತ್ತದೆಯೇ? ನಮ್ಮ ದನಿ ಹುಟ್ಟುವ ಬಗೆ, ಕೆಡುವ ಬಗೆ

ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎರಡು ಬೆರಳನ್ನು ಕೊರಳಿನ ಮುಂಭಾಗದಲ್ಲಿ, ಗಟ್ಟಿ ಉಬ್ಬು ಕೈಗೆ ಸಿಗುವ ಕಡೆ, ಹಗುರವಾಗಿ ಇಟ್ಟುಕೊಳ್ಳಿ. ಈಗ "ಬಳ್ಳಾರಿ" ಎಂದು ನಿಧಾನವಾಗಿ ಹೇಳಿ. ಬ ಶುರುವಾದಲ್ಲಿಂದ ರಿ ಮುಗಿಯುವ ತನಕ ಬೆರಳಿಗೆ ಒಂದೇ ಸಮನೆ ಅದುರು ತಗಲುತ್ತದೆ. ಮುಂದೆ "ಕುರುಗೋಡು" ಎನ್ನಿ. ಮೊದಲ ಕ್‌ ಸದ್ದಿಗೆ ಅದುರಿಲ್ಲ, ಅಲ್ಲಿಂದಾಚೆ ಕೊನೆಯವರೆಗೂ ಇದೆ. ಇನ್ನು "ಸಿರುಗುಪ್ಪ". ಸ್‌ ಎಂದು ಗಾಳಿ ಬಿಡುವಾಗ ಕೊರಳು ಸುಮ್ಮನಿರುತ್ತದೆ, ಇರುಗು ಎನ್ನುವಾಗ ಅದುರುತ್ತದೆ, ಪ್ಪ ಎನ್ನಲು ತುಟಿ ಮುಚ್ಚಿದಾಗ ಮತ್ತೆ ನಿಲ್ಲುತ್ತದೆ, ಕೊನೆಯ ಅಕಾರಕ್ಕೆ ಮತ್ತೊಮ್ಮೆ ಶುರುವಾಗುತ್ತದೆ. ಬಳ್ಳಾರಿ ಬಸ್‌ ನಿಲ್ದಾಣದಲ್ಲಿ ಕಂಡಕ್ಟರ್‌ "ಸಿರುಗುಪ್ಪ ಸಿರುಗುಪ್ಪ ಸಿರುಗುಪ್ಪ" ಎಂದು ಒಂದೇ ಉಸಿರಿನಲ್ಲಿ ಕೂಗುವಾಗ ಅವರ ಕೊರಳೊಳಗೆ ಇಷ್ಟೆಲ್ಲ ಹಾಕು-ಆರಿಸು ನಡೆದಿರುತ್ತದೆ. ಅವರಿಗೆ ಅದರ ಅರಿವೇ ಇರುವುದಿಲ್ಲ.

ಬೆರಳಿಗೆ ತಗಲಿದ ಆ ಅದುರಿನ ಮನೆಯೇ ಧ್ವನಿಪೆಟ್ಟಿಗೆ. ವಾಟ್ಸಾಪಿನಲ್ಲಿ ಇದರ ಬಗ್ಗೆ ಬರುವ ಮೆಸೇಜುಗಳು ಒಂದೆರಡಲ್ಲ. ಶುಂಠಿ-ಜೇನು ನೆಕ್ಕಿದರೆ ಧ್ವನಿಪೆಟ್ಟಿಗೆ ತೊಳೆದಂತಾಗುತ್ತದೆ, ತಣ್ಣೀರು ಕುಡಿದರೆ ದನಿ ಹೋಗುತ್ತದೆ, ದನಿ ಕಟ್ಟಿದಾಗ ಪಿಸುಮಾತಿನಲ್ಲಿ ಮಾತಾಡಬೇಕು, ಮಗುವಿಗೆ ಬಜೆ ತೇಯ್ದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆ. ಇವುಗಳಲ್ಲಿ ಕೆಲವು ನಿರುಪದ್ರವಿ. ಕೆಲವನ್ನು ನಂಬಿ ಕೂತರೆ ಜೀವಕ್ಕೇ ಸಂಚಕಾರ. ಯಾವುದು ಯಾವುದು ಎಂದು ತಿಳಿಯಬೇಕಾದರೆ ಆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬೇಕು.

ಪೆಟ್ಟಿಗೆಯೊಳಗೆ ಏನಿದೆ?

ಬಾಯಿಯ ಹಿಂದೆ ಗಂಟಲು ಎಂಬ ಒಂದೇ ದಾರಿ ಇದೆ. ಸ್ವಲ್ಪ ಕೆಳಗೆ ಇಳಿದರೆ ಅದು ಎರಡಾಗಿ ಕವಲೊಡೆಯುತ್ತದೆ. ಹಿಂದಿನದು ಅನ್ನನಾಳ, ಹೊಟ್ಟೆಗೆ ಹೋಗುವ ದಾರಿ. ಮುಂದಿನದು ಶ್ವಾಸನಾಳ, ಶ್ವಾಸಕೋಶಕ್ಕೆ ಹೋಗುವ ದಾರಿ. ಶ್ವಾಸನಾಳದ ಬಾಗಿಲಲ್ಲೇ ಕೂತಿರುವುದು ಧ್ವನಿಪೆಟ್ಟಿಗೆ. ಅದರ ಗೋಡೆ ಎಲುಬಿನದಲ್ಲ, ಮೃದ್ವಸ್ಥಿಯದು. ಅಂದರೆ ಕಿವಿಯನ್ನು ಮಡಚಿದಾಗ ಕೈಗೆ ಸಿಗುತ್ತದಲ್ಲ, ಅಂಥ ಬಾಗುವ ವಸ್ತು. ಒಟ್ಟು 9 ಮೃದ್ವಸ್ಥಿಗಳು ಸೇರಿ ಈ ಪೆಟ್ಟಿಗೆ ಆಗಿದೆ. ಮೂರು ಒಂಟಿ, ಉಳಿದ ಆರು ಮೂರು ಜೋಡಿ.

ಒಂಟಿಗಳಲ್ಲಿ ದೊಡ್ಡದು ಗುರಾಣಿಯ ಆಕಾರದ್ದು. ಹೆಸರು ಥೈರಾಯ್ಡ್‌ ಮೃದ್ವಸ್ಥಿ. (ಥೈರಾಯ್ಡ್‌ ಗ್ರಂಥಿ ಬೇರೆ. ಅದು ಇದರ ಕೆಳಗೆ ಚಿಟ್ಟೆಯಂತೆ ಅಂಟಿಕೊಂಡಿರುತ್ತದೆ. "ಥೈರಾಯ್ಡ್‌ ಇದೆ" ಎಂದು ನಾವು ಕಾಯಿಲೆಗೆ ಹೇಳುವುದು ಆ ಗ್ರಂಥಿಯನ್ನು ಕುರಿತು.) ಗುರಾಣಿಯ ಎರಡು ಹಲಗೆಗಳು ಮುಂದೆ ಕೂಡುವ ಅಂಚೇ ಗಂಡಸರ ಕೊರಳಲ್ಲಿ ಎದ್ದು ಕಾಣುವ ಉಬ್ಬು. ಹೆಂಗಸರಿಗೆ ಈ ಉಬ್ಬು ಇರುವುದೇ ಇಲ್ಲ ಎಂಬುದು ತಪ್ಪು. ಗಂಡಸರಲ್ಲಿ ಹಲಗೆಗಳು ಸುಮಾರು 90 ಡಿಗ್ರಿ ಕೋನದಲ್ಲಿ ಕೂಡುತ್ತವೆ, ಹೆಂಗಸರಲ್ಲಿ ಸುಮಾರು 120 ಡಿಗ್ರಿ. ಕೋನ ಅಗಲವಾದಷ್ಟೂ ಅಂಚು ಮೊಂಡಾಗಿ ಹೊರಗೆ ಕಾಣುವುದಿಲ್ಲ, ಅಷ್ಟೇ. ಗುರಾಣಿಯ ಕೆಳಗೆ ಮುದ್ರೆಯುಂಗುರದಂಥ ಪೂರ್ತಿ ಬಳೆ. ಮೇಲ್ಗಡೆ ಎಲೆಯಂಥ ಮುಚ್ಚಳ, ಎಪಿಗ್ಲಾಟಿಸ್‌. ಕನ್ನಡಿಯಲ್ಲಿ ಬಾಯಿ ತೆರೆದಾಗ ನೇತಾಡುವುದು ಕಾಣುತ್ತದಲ್ಲ, ಅದು ಕಿರುನಾಲಿಗೆ. ಮುಚ್ಚಳ ಅದಲ್ಲ. ಮುಚ್ಚಳ ನಾಲಿಗೆಯ ಬುಡದ ಹಿಂದೆ ಇನ್ನೂ ಆಳದಲ್ಲಿದೆ, ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಇಷ್ಟೆಲ್ಲ ಕಟ್ಟಡ ಇರುವುದು ಒಳಗಿನ ಎರಡು ಮಡಿಕೆಗಳಿಗಾಗಿ. ಅವನ್ನು ಧ್ವನಿತಂತು ಎನ್ನುತ್ತೇವೆ. ಹೆಸರು ಕೇಳಿದರೆ ತಂಬೂರಿಯ ತಂತಿಯಂತೆ ಕಲ್ಪಿಸಿಕೊಳ್ಳುತ್ತೇವೆ, ಆದರೆ ಅವು ತಂತಿಗಳಲ್ಲ. ಎರಡು ತುಟಿಗಳಿದ್ದಂತೆ. ಮುಂದೆ ಗುರಾಣಿಗೆ ಅಂಟಿಕೊಂಡಿವೆ, ಹಿಂದೆ ಬಳೆಯ ಮೇಲೆ ಕೂತ ಎರಡು ಪುಟ್ಟ ಮೃದ್ವಸ್ಥಿಗಳಿಗೆ. ಈ ಹಿಂದಿನ ಜೋಡಿ ತಿರುಗಿದಾಗ ತುಟಿಗಳು ತೆರೆಯುತ್ತವೆ, ಮುಚ್ಚುತ್ತವೆ. ಉಸಿರಾಡುವಾಗ ಇಂಗ್ಲಿಷಿನ ವಿ ಅಕ್ಷರವನ್ನು ತಲೆಕೆಳಗು ಮಾಡಿದಂತೆ ತೆರೆದಿರುತ್ತವೆ. ಮಾತಾಡುವಾಗ ಒಂದನ್ನೊಂದು ಮುಟ್ಟುತ್ತವೆ. ಬೆಳೆದ ಗಂಡಸಿನಲ್ಲಿ ಅವುಗಳ ಉದ್ದ ಸುಮಾರು 17ರಿಂದ 21 ಮಿಲಿಮೀಟರ್‌, ಹೆಂಗಸಿನಲ್ಲಿ 11ರಿಂದ 15. ಅಂದರೆ ಒಂದು ಶೇಂಗಾ ಬೀಜದಷ್ಟು. ಲಾಲಿ ಹಾಡುವುದು, ಬಸ್‌ಸ್ಟ್ಯಾಂಡಿನಲ್ಲಿ ಕೂಗುವುದು, ಸಂತೆಯಲ್ಲಿ ಚೌಕಾಸಿ ಮಾಡುವುದು ಎಲ್ಲವೂ ಈ ಶೇಂಗಾ ಬೀಜದಷ್ಟರಲ್ಲಿ.

ಕೇಶಿರಾಜನ ಕಹಳೆ

13ನೆಯ ಶತಮಾನದ ಕನ್ನಡ ವೈಯಾಕರಣ ಕೇಶಿರಾಜ "ಶಬ್ದಮಣಿದರ್ಪಣ"ದಲ್ಲಿ ದನಿ ಹುಟ್ಟುವುದನ್ನು ವಿವರಿಸಿದ್ದಾನೆ. ಅವನ ಪ್ರಕಾರ ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ. ಅದರ ಬಣ್ಣ ಬಿಳಿ. ಬಣ್ಣದ ಮಾತು ಬಿಡಿ, ನಾಭಿಯ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಕಹಳೆಯ ಹೋಲಿಕೆ ಮಾತ್ರ ಬೆರಗು ಹುಟ್ಟಿಸುತ್ತದೆ. ಕಹಳೆಗೆ ತಂತಿಯಿಲ್ಲ. ಊದುವವನ ತುಟಿಗಳೇ ಗಾಳಿಯ ಒತ್ತಡಕ್ಕೆ ಪಟಪಟನೆ ಬಿಚ್ಚಿ ಮುಚ್ಚಿ ಸದ್ದು ಹುಟ್ಟಿಸುತ್ತವೆ, ಕೊಳವೆ ಆ ಸದ್ದಿಗೆ ರೂಪ ಕೊಡುತ್ತದೆ. ಕೊರಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಶ್ವಾಸಕೋಶದಿಂದ ಗಾಳಿ ಮೇಲೆ ಬರುತ್ತದೆ. ಧ್ವನಿತಂತುಗಳು ಮುಚ್ಚಿಕೊಂಡಿರುವುದರಿಂದ ಅವುಗಳ ಕೆಳಗೆ ಒತ್ತಡ ಬೆಳೆಯುತ್ತದೆ. ಒತ್ತಡ ಸಾಕಷ್ಟಾದಾಗ ತುಟಿಗಳು ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಂಡು ಒಂದು ಸಣ್ಣ ಗುಟುಕು ಗಾಳಿ ಹೊರಬೀಳುತ್ತದೆ. ತಕ್ಷಣ ಅಲ್ಲಿ ಒತ್ತಡ ಇಳಿಯುತ್ತದೆ, ತುಟಿಗಳ ಸ್ವಂತ ಎಳೆತವೂ ಸೇರಿ ಮತ್ತೆ ಮುಚ್ಚುತ್ತವೆ. ಮತ್ತೆ ಒತ್ತಡ, ಮತ್ತೆ ಬಿಚ್ಚು. ಸಾಮಾನ್ಯ ಮಾತಿನಲ್ಲಿ ಗಂಡಸರಲ್ಲಿ ಇದು ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ನಡೆಯುತ್ತದೆ. "ಬಳ್ಳಾರಿ" ಎನ್ನಲು ಅರ್ಧ ಸೆಕೆಂಡು ಹಿಡಿದರೆ ಅಷ್ಟರಲ್ಲಿ ಗಂಡಸಿನ ಧ್ವನಿತಂತುಗಳು 60 ಸಲ, ಹೆಂಗಸಿನವು 100 ಸಲ ಒಂದಕ್ಕೊಂದು ಬಡಿದಿರುತ್ತವೆ.

ಪ್ರತಿ ಬಡಿತಕ್ಕೂ ಮೆದುಳು ಆಜ್ಞೆ ಕೊಡುವುದಿಲ್ಲ, ಇದನ್ನು ಗಮನಿಸಿ. 1950ರಲ್ಲಿ ಫ್ರಾನ್ಸಿನ ರಾವುಲ್‌ ಉಸಾಂ ಎಂಬವರು ಹಾಗೆಂದು ವಾದಿಸಿದ್ದರು. 1958ರಲ್ಲಿ ನೆದರ್ಲೆಂಡ್ಸಿನ ಯಾನ್‌ವಿಲ್ಲೆಮ್‌ ವಾನ್‌ ಡೆನ್‌ ಬರ್ಗ್‌ ಮಂಡಿಸಿದ ವಿವರಣೆ ಅದನ್ನು ಬದಿಗೆ ಸರಿಸಿತು. ಮೆದುಳು ಮಾಡುವುದು ತುಟಿಗಳನ್ನು ಹತ್ತಿರ ತಂದು, ಎಷ್ಟು ಬಿಗಿಯಬೇಕೋ ಅಷ್ಟು ಬಿಗಿಯುವುದು ಮಾತ್ರ. ಉಳಿದದ್ದು ಗಾಳಿಯ ಕೆಲಸ. ಧ್ವಜ ಗಾಳಿಗೆ ಪಟಪಟಿಸಲು ಯಾರೂ ಅಲುಗಿಸಬೇಕಿಲ್ಲವಲ್ಲ, ಹಾಗೆ.

ದನಿ ಏರಿಸಬೇಕಾದರೆ ತಂತುಗಳನ್ನು ಎಳೆದು ತೆಳ್ಳಗೆ ಮಾಡುವ ಸ್ನಾಯು ಕೆಲಸ ಮಾಡುತ್ತದೆ. ಜೋರು ಮಾಡಬೇಕಾದರೆ ಕೆಳಗಿನಿಂದ ಗಾಳಿಯ ಒತ್ತಡ ಹೆಚ್ಚಬೇಕು. ಇಲ್ಲಿಯೇ ಕೇಶಿರಾಜನ ನಾಭಿಗೂ ಒಂದು ಅರ್ಥ ಸಿಗುತ್ತದೆ. ಆ ಒತ್ತಡವನ್ನು ಅಳತೆಯಿಂದ ಕೊಡುವುದು ಹೊಟ್ಟೆಯ ಮತ್ತು ಪಕ್ಕೆಯ ಸ್ನಾಯುಗಳು. "ಹೊಟ್ಟೆಯಿಂದ ಹಾಡು" ಎಂದು ಸಂಗೀತದ ಮೇಷ್ಟ್ರು ಹೇಳುವುದು ಇದನ್ನೇ. ಹಾಗೆಂದು ದನಿಯೇ ಹೊಕ್ಕುಳಲ್ಲಿ ಹುಟ್ಟುತ್ತದೆ ಎಂದಲ್ಲ.

ಕೊರಳಲ್ಲಿ ಹುಟ್ಟಿದ ಮೂಲ ಸದ್ದು ಬರೀ ಒಂದು ಗುಂಯ್‌. ಅದನ್ನು ಅ, ಇ, ಉ ಎಂದು ಬೇರೆ ಮಾಡುವುದು ಮೇಲಿನ ಗಂಟಲು, ಬಾಯಿ, ಮೂಗಿನ ಟೊಳ್ಳುಗಳು. ನಾಲಿಗೆ ತುಸು ಸರಿದರೆ ಟೊಳ್ಳಿನ ಆಕಾರ ಬದಲಾಗಿ ಸ್ವರವೂ ಬದಲಾಗುತ್ತದೆ. ನಮ್ಮ ವರ್ಣಮಾಲೆ ಈ ಭೂಗೋಳವನ್ನೇ ಅನುಸರಿಸಿದೆ. ಕ-ವರ್ಗ ಬಾಯಿಯ ಹಿಂದಿನ ತುದಿಯಲ್ಲಿ ಶುರುವಾಗಿ ಪ-ವರ್ಗ ತುಟಿಗೆ ಬಂದು ಮುಗಿಯುತ್ತದೆ. ಕ-ಗ, ಪ-ಬ ಜೋಡಿಗಳಲ್ಲಿ ಬಾಯಿಯ ಭಂಗಿ ಒಂದೇ. ಧ್ವನಿತಂತು ಅದುರಿತೋ ಇಲ್ಲವೋ ಎಂಬುದೇ ವ್ಯತ್ಯಾಸ. ಒಂದನೇ ತರಗತಿಯ ಮಗು ಕಾಗುಣಿತ ಹೇಳುವಾಗ ಅಂಗರಚನಾಶಾಸ್ತ್ರವನ್ನೇ ಒಪ್ಪಿಸುತ್ತಿರುತ್ತದೆ.

ಜೀವಂತ ಮನುಷ್ಯನ ಧ್ವನಿತಂತುಗಳು ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ಬಗೆಯನ್ನು ಮೊದಲಿಗೆ ವೈದ್ಯಲೋಕಕ್ಕೆ ತಿಳಿಸಿಕೊಟ್ಟವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು. ಸ್ಪೇನ್‌ ಮೂಲದ ಮ್ಯಾನುಯೆಲ್‌ ಗಾರ್ಸಿಯಾ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲು ಬೀರಿ, ತಮ್ಮದೇ ಧ್ವನಿತಂತುಗಳನ್ನು ನೋಡಿಕೊಂಡರು. ಅವರು 1906ರವರೆಗೆ, 101 ವರ್ಷ ಬದುಕಿದರು.

ಮೈಕಿಲ್ಲದ ರಾತ್ರಿಗಳು

ಬಳ್ಳಾರಿ ಸೀಮೆಗೆ ದನಿಯ ಕಥೆ ಹೊಸದಲ್ಲ. ವಕೀಲರೂ ನಟರೂ ಆಗಿದ್ದ ಬಳ್ಳಾರಿ ರಾಘವ (1880–1946) ತೆಲುಗು, ಕನ್ನಡ, ಇಂಗ್ಲಿಷ್‌ ಹೀಗೆ ಹಲವು ಭಾಷೆಗಳಲ್ಲಿ ರಂಗದ ಮೇಲೆ ನಿಂತವರು. ಅವರು ತೀರಿಕೊಂಡದ್ದು ಏಪ್ರಿಲ್‌ 16ರಂದು. ಕಾಕತಾಳೀಯ ನೋಡಿ, ಈಗ ಜಗತ್ತು "ವಿಶ್ವ ಧ್ವನಿ ದಿನ" ಎಂದು ಆಚರಿಸುವುದೂ ಅದೇ ದಿನ. ಗಮಕಿ ಮತ್ತು ನಾಟಕಕಾರ ಜೋಳದರಾಶಿ ದೊಡ್ಡನಗೌಡರು, ರಂಗಗೀತೆಗಳ ಸುಭದ್ರಮ್ಮ ಮನ್ಸೂರ್‌, ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಎಲ್ಲರೂ ಇದೇ ಸೀಮೆಯವರು. ಹಳ್ಳಿಗಳ ಬಯಲಾಟವಂತೂ ಮೈಕ್‌ ಬರುವ ಮುಂಚಿನಿಂದ ರಾತ್ರಿಯಿಡೀ ನಡೆದುಕೊಂಡು ಬಂದದ್ದು.

ಆ ದನಿಗಳು ಹಿಂದಿನ ಸಾಲಿಗೆ ಮುಟ್ಟಿದ್ದು ಬರೀ ಕಿರುಚಿದ್ದರಿಂದ ಅಲ್ಲ. ನಮ್ಮ ಕಿವಿ ಎಲ್ಲ ಸದ್ದನ್ನೂ ಸಮನಾಗಿ ಕೇಳಿಸಿಕೊಳ್ಳುವುದಿಲ್ಲ. ಸೆಕೆಂಡಿಗೆ 2000ದಿಂದ 5000 ಕಂಪನಗಳ ನಡುವಿನ ಸದ್ದಿಗೆ ಅದು ಬಹಳ ಚುರುಕು. 1970ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್‌ ಸುಂಡ್‌ಬೆರಿ ಪಾಶ್ಚಾತ್ಯ ಒಪೇರಾ ಗಾಯಕರ ದನಿಯನ್ನು ಅಳೆದಾಗ ಸುಮಾರು 3000ದ ಆಸುಪಾಸಿನಲ್ಲಿ ಶಕ್ತಿ ಗುಡ್ಡೆಯಾಗಿರುವುದು ಕಂಡಿತು. ಧ್ವನಿಪೆಟ್ಟಿಗೆಯ ಮೇಲಿನ ಕೊಳವೆಯನ್ನು ಇಕ್ಕಟ್ಟು ಮಾಡಿಕೊಂಡು ಅವರು ಇದನ್ನು ಸಾಧಿಸುತ್ತಾರೆ. ವಾದ್ಯಗಳ ಅಬ್ಬರ ಹೆಚ್ಚಾಗಿ ಅದಕ್ಕಿಂತ ಕೆಳಗೆ ಇರುವುದರಿಂದ ದನಿ ಮೇಲೆ ತೇಲಿ ಬರುತ್ತದೆ. ಪಳಗಿದ ನಟನ ದನಿ ಮೆಲ್ಲಗಿದ್ದರೂ ದೂರಕ್ಕೆ ಕೇಳುವುದು, ಪಳಗದವನು ಅರಚಿ ಅರಚಿ ಮರುದಿನ ಗಂಟಲು ಕಟ್ಟಿಕೊಂಡು ಕೂರುವುದು ಈ ಕಾರಣಕ್ಕೆ.

ಫೋನಿನಲ್ಲೂ ಒಂದು ಸ್ವಾರಸ್ಯ ಇದೆ. ಹಳೆಯ ದೂರವಾಣಿ ಮಾರ್ಗಗಳು ದಾಟಿಸುತ್ತಿದ್ದದ್ದು 300ರಿಂದ 3400 ಕಂಪನಗಳ ಸದ್ದನ್ನು ಮಾತ್ರ. ಗಂಡಸಿನ ದನಿಯ ಮೂಲ ಅದುರು 120. ಅದು ತಂತಿಯಲ್ಲಿ ಬರುತ್ತಲೇ ಇರಲಿಲ್ಲ! ಮೇಲಿನ ಪದರಗಳಿಂದ ಮೆದುಳು ಅದನ್ನು ಊಹಿಸಿಕೊಂಡು "ಅಪ್ಪನ ದಪ್ಪ ದನಿ" ಎಂದು ಕೇಳಿಸುತ್ತಿತ್ತು. ನಮ್ಮದೇ ವಾಯ್ಸ್‌ ಮೆಸೇಜ್‌ ಕೇಳಿದಾಗ "ಇದು ನನ್ನ ದನಿಯೇ?" ಎನಿಸುವುದಕ್ಕೆ ಕಾರಣ ಬೇರೆ. ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಲೂ ತಲೆಬುರುಡೆಯ ಎಲುಬಿನಿಂದಲೂ ಕೇಳುತ್ತದೆ. ಎಲುಬು ತಗ್ಗು ಸ್ವರಗಳನ್ನು ಚೆನ್ನಾಗಿ ಒಯ್ಯುವುದರಿಂದ ನಮಗೆ ನಾವು ಗಂಭೀರವಾಗಿ ಕೇಳುತ್ತೇವೆ. ರೆಕಾರ್ಡಿನಲ್ಲಿ ಇರುವುದೇ ಊರಿನವರೆಲ್ಲ ಕೇಳುವ ದನಿ, ಏನೂ ಮಾಡಲಾಗದು.

"ನೆತ್ತಿಗೇರಿತು, ಯಾರೋ ನೆನೆಸಿಕೊಂಡರು"

ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ, ಕಾವಲು. ನುಂಗುವಾಗ ಅದು ಇಡಿಯಾಗಿ ಮೇಲಕ್ಕೆ ಏರುತ್ತದೆ (ಉಗುಳು ನುಂಗಿ, ಬೆರಳಿಗೆ ಗೊತ್ತಾಗುತ್ತದೆ), ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಬಿಗಿಯಾಗಿ ಮುಚ್ಚುತ್ತವೆ, ಉಸಿರು ಕ್ಷಣ ನಿಲ್ಲುತ್ತದೆ. ಉಗ್ಗಾಣಿ ತಿನ್ನುತ್ತ ನಕ್ಕಾಗ ಈ ಲೆಕ್ಕ ತಪ್ಪುತ್ತದೆ. ಒಂದು ಮಂಡಕ್ಕಿ ಧ್ವನಿಪೆಟ್ಟಿಗೆಯ ಬಾಗಿಲು ಮುಟ್ಟಿದ್ದೇ ತಡ, ಕೆಮ್ಮು ಒತ್ತರಿಸಿ ಬರುತ್ತದೆ. ಅದನ್ನೇ ನಾವು ನೆತ್ತಿಗೇರಿತು ಎನ್ನುತ್ತೇವೆ. ನೆತ್ತಿಗೆ ಏನೂ ಏರಿರುವುದಿಲ್ಲ, ತಲೆ ತಟ್ಟಿದರೆ ಉಪಯೋಗವೂ ಇಲ್ಲ. ಬಿಕ್ಕಳಿಕೆಯೂ ಯಾರ ನೆನಪಿನಿಂದಲೂ ಬರುವುದಲ್ಲ. ವಪೆ ತಟ್ಟನೆ ಸೆಟೆದು ಗಾಳಿ ಒಳನುಗ್ಗುವಾಗ ಧ್ವನಿತಂತುಗಳು ಫಕ್ಕನೆ ಮುಚ್ಚಿಕೊಳ್ಳುವ ಸದ್ದೇ ಆ "ಹಿಕ್‌".

ಇನ್ನೊಂದು ಕೆಲಸವನ್ನು ಸಿರುಗುಪ್ಪದ ಅಕ್ಕಿ ಗಿರಣಿಗಳ ಹಮಾಲರಲ್ಲಿ ನೋಡಬಹುದು. ಮೂಟೆ ಎತ್ತುವ ಮುನ್ನ ಉಸಿರು ಬಿಗಿಹಿಡಿಯುತ್ತಾರೆ. ಧ್ವನಿತಂತುಗಳು ಮುಚ್ಚಿ, ಎದೆಯೊಳಗಿನ ಗಾಳಿ ಸಿಕ್ಕಿಬಿದ್ದು, ಮುಂಡ ಗಾಳಿ ತುಂಬಿದ ಟಯರಿನಂತೆ ಗಟ್ಟಿಯಾಗುತ್ತದೆ. ಮೂಟೆ ಬೆನ್ನಿಗೆ ಬಿದ್ದಾಗ ಹೊರಡುವ "ಹ್ಞಂ" ಆ ಬೀಗ ತೆರೆದ ಸದ್ದು. ಹೆರಿಗೆಯಲ್ಲಿ ಮುಕ್ಕುವಾಗಲೂ ಇದೇ ಬೀಗ.

ಕಾವಲು ತಪ್ಪಿ ತುಂಡೊಂದು ನಿಜಕ್ಕೂ ಸಿಕ್ಕಿಕೊಂಡರೆ ಏನು ಮಾಡಬೇಕು? ಇದನ್ನು ಎರಡು ಸಲ ಓದಿ. ದನಿಯೇ ಇಲ್ಲಿ ಸುಳಿವು. ಆ ವ್ಯಕ್ತಿ ಜೋರಾಗಿ ಕೆಮ್ಮುತ್ತಿದ್ದರೆ, ಮಾತಾಡುತ್ತಿದ್ದರೆ ಗಾಳಿ ಓಡಾಡುತ್ತಿದೆ ಎಂದರ್ಥ. ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ದನಿ ಬರುತ್ತಿಲ್ಲ, ಕೆಮ್ಮಲು ಆಗುತ್ತಿಲ್ಲ, ಕೊರಳು ಹಿಡಿದುಕೊಂಡು ನಿಂತಿದ್ದಾರೆ ಎಂದರೆ ದಾರಿ ಮುಚ್ಚಿದೆ. ಮುಂದಕ್ಕೆ ಬಗ್ಗಿಸಿ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಆಗಲಿಲ್ಲವೆಂದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ತುಂಡು ಹೊರಬರುವ ತನಕ ಎರಡನ್ನೂ ಬದಲಿಸಿ ಬದಲಿಸಿ ಮಾಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಬಸುರಿಯರಿಗೆ ಹೊಟ್ಟೆಯ ಬದಲು ಎದೆಯ ಮೇಲೆ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ 5 ಸಲ ಹೊಡೆದು, ಮಗುಚಿ ಎದೆಯ ನಡುವೆ ಎರಡು ಬೆರಳಿಂದ 5 ಸಲ ಒತ್ತಬೇಕು. ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಅದು ಇನ್ನೂ ಆಳಕ್ಕೆ ಹೋಗುತ್ತದೆ. ಚಿಕ್ಕ ಮಕ್ಕಳ ಕೈಗೆ ಇಡೀ ಶೇಂಗಾ ಬೀಜ ಕೊಡಬೇಡಿ. ತಿನ್ನುವಾಗ ಒಮ್ಮೆ ಕೆಮ್ಮಿ ಸುಮ್ಮನಾದ ಮಗುವಿಗೆ ಮರುದಿನದಿಂದ ಸುಂಯ್‌ ಎಂಬ ಉಸಿರು ಶುರುವಾದರೆ ಬೀಜ ಶ್ವಾಸಕೋಶದ ಕೊಳವೆಗೆ ಇಳಿದಿರಬಹುದು. ಆಸ್ಪತ್ರೆಗೆ ಒಯ್ಯಿರಿ.

ಈಗ ಫಾರ್ವರ್ಡ್‌ಗಳಿಗೆ ಬರೋಣ

ಕಾವಲಿನ ಲೆಕ್ಕ ಅರ್ಥವಾದರೆ ಅರ್ಧ ಮೆಸೇಜುಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ನುಂಗಿದ ಜೇನು, ಶುಂಠಿ ರಸ, ಕಲ್ಲುಸಕ್ಕರೆ, ಬಿಸಿ ಹಾಲು, ತಣ್ಣೀರು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದ್ದರೆ ನೀವು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದಿರಿ. ಜೇನು ಗಂಟಲಿನ ಹಿಂಗೋಡೆಗೆ ಹಿತ ಕೊಡುತ್ತದೆ, ಕೆಮ್ಮನ್ನು ಸ್ವಲ್ಪ ತಗ್ಗಿಸುತ್ತದೆ. ಹಾಗಾಗಿ ದೊಡ್ಡವರು ನೆಕ್ಕಿದರೆ ಬೇಡವೆನ್ನುವುದಿಲ್ಲ. ಆದರೆ ಅದು ಧ್ವನಿಪೆಟ್ಟಿಗೆಯನ್ನು "ತೊಳೆಯುವುದಿಲ್ಲ". ಅತಿಮಧುರದ ಬೇರನ್ನು ಹಾಡುಗಾರರು ಬಾಯಲ್ಲಿಟ್ಟುಕೊಳ್ಳುವುದುಂಟು. ದಿನವೂ ಹೆಚ್ಚು ತಿಂದರೆ ಅದು ರಕ್ತದೊತ್ತಡ ಏರಿಸುತ್ತದೆ, ಬಿಪಿ ಇರುವವರು ದೂರವಿರುವುದು ಒಳ್ಳೆಯದು.

ಉಪ್ಪುನೀರು ಮುಕ್ಕಳಿಸುವುದೂ ಹೀಗೆಯೇ. ಗಂಟಲು ನೋವಿಗೆ ಹಿತ, ಧ್ವನಿತಂತುಗಳಿಗೆ ತಲುಪದು. ಗಳಗಳ ಸದ್ದು ಬರುವುದೇ ಕೆಳಗಿನಿಂದ ಗಾಳಿ ಊದಿ ನೀರನ್ನು ತಡೆದಿರುವುದರಿಂದ. ನೇರವಾಗಿ ಧ್ವನಿತಂತು ಮುಟ್ಟುವುದು ಉಸಿರಿನ ಜೊತೆ ಹೋಗುವುದಷ್ಟೇ. ಒಳ್ಳೆಯದೆಂದರೆ ಹಬೆ, ಕೆಟ್ಟದ್ದೆಂದರೆ ಹೊಗೆ ಮತ್ತು ದೂಳು. ಹಬೆ ತೆಗೆದುಕೊಳ್ಳಿ, ಬರೀ ನೀರಿನದು ಸಾಕು. ಕುದಿಯುವ ಪಾತ್ರೆಯನ್ನು ಮಕ್ಕಳ ಹತ್ತಿರ ಇಡಬೇಡಿ.

ಕುಡಿದ ನೀರು ಧ್ವನಿತಂತು ಮುಟ್ಟದಿದ್ದರೂ ನೀರು ಬೇಕೇ ಬೇಕು. ಸೆಕೆಂಡಿಗೆ ನೂರಾರು ಸಲ ಬಡಿಯುವ ಆ ಅಂಚಿನ ಮೇಲೆ ತೆಳು ಲೋಳೆಯ ಪದರ ಇರಬೇಕು, ಯಂತ್ರಕ್ಕೆ ಎಣ್ಣೆಯಂತೆ. ದೇಹದಲ್ಲಿ ನೀರು ಕಡಿಮೆಯಾದರೆ ಲೋಳೆ ಅಂಟಂಟಾಗುತ್ತದೆ. ನೀರು ರಕ್ತದ ಮೂಲಕ ಸುತ್ತಿ ಬರಬೇಕಾದ್ದರಿಂದ ವೇದಿಕೆ ಹತ್ತುವ ಮುನ್ನ ಒಂದು ಲೋಟ ಗಟಗಟ ಕುಡಿದರೆ ಸಾಲದು, ಬೆಳಿಗ್ಗೆಯಿಂದ ಕುಡಿದಿರಬೇಕು. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದನಿ ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿ ಎಂಬುದು ಬಹಳ ಹರಡಿರುವ ನಂಬಿಕೆ. ಒತ್ತಿ ಒತ್ತಿ ಪಿಸುಗುಟ್ಟುವಾಗ ಅನೇಕರಲ್ಲಿ ಧ್ವನಿಪೆಟ್ಟಿಗೆಯ ಮೇಲ್ಭಾಗ ಇನ್ನಷ್ಟು ಬಿಗಿಯುತ್ತದೆ. ಹಗುರವಾದ, ಸಹಜ ದನಿಯಲ್ಲಿ ಕಡಿಮೆ ಮಾತಾಡಿ, ಇಲ್ಲವೇ ಸುಮ್ಮನಿರಿ. ಪದೇ ಪದೇ "ಖ್ಹೂಂ" ಎಂದು ಗಂಟಲು ಸರಿ ಮಾಡಿಕೊಳ್ಳುವ ಚಟವೂ ಅಷ್ಟೇ ಕೆಟ್ಟದ್ದು. ಎರಡು ತಂತುಗಳನ್ನು ಒಂದಕ್ಕೊಂದು ಉಜ್ಜಿ ಬಡಿದಂತೆ. ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ.

ರಾತ್ರಿ ಮಿರ್ಚಿ ತಿಂದು ತಕ್ಷಣ ಮಲಗುವವರಲ್ಲಿ ಕೆಲವರಿಗೆ ಹೊಟ್ಟೆಯ ಆಮ್ಲ ಮೇಲೆ ಬಂದು ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಕೆರಳಿಸುತ್ತದೆ. ಎದೆಯುರಿ ಇಲ್ಲದೆಯೂ ಇದು ಆಗಬಹುದು. ಬೆಳಿಗ್ಗೆ ದನಿ ಒರಟು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುವುದು ಲಕ್ಷಣ. ಊಟಕ್ಕೂ ನಿದ್ದೆಗೂ ಮೂರು ತಾಸಿನ ಅಂತರ ಇಟ್ಟುಕೊಂಡರೆ ಹಲವರಿಗೆ ಸುಧಾರಿಸುತ್ತದೆ.

ಮಗುವಿನ ಮಾತಿನ ವಿಷಯಕ್ಕೆ ಬಂದರೆ ಸ್ವಲ್ಪ ಖಡಕ್ಕಾಗಿಯೇ ಹೇಳಬೇಕು. ಬಜೆ ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡುವುದು ಅಪಾಯ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವನ್ನು ಕೂಸಿನ ಕರುಳು ತಡೆಯಲಾರದು. ಮಾತು ತಡವಾದರೆ ಮೊದಲು ನೋಡಬೇಕಾದ್ದು ನಾಲಿಗೆಯನ್ನಲ್ಲ, ಧ್ವನಿಪೆಟ್ಟಿಗೆಯನ್ನೂ ಅಲ್ಲ, ಕಿವಿಯನ್ನು. ಕೇಳದ ಮಗು ಮಾತು ಕಲಿಯುವುದು ಹೇಗೆ? ಮೈಸೂರಿನ ಅಖಿಲ ಭಾರತ ವಾಕ್‌ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಮೊದಲ ಶ್ರವಣ ಪರೀಕ್ಷೆಗೆ ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ, ಜಿಲ್ಲಾ ಮಟ್ಟದ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೇಳಿ.

ದುಡಿಯುವ ದನಿಗಳು

ಶಿಕ್ಷಕಿಯೊಬ್ಬರ ಧ್ವನಿತಂತುಗಳು ದಿನಕ್ಕೆ ನಿಜವಾಗಿ ಅದುರುವ ಹೊತ್ತನ್ನೆಲ್ಲ ಕೂಡಿಸಿ ಒಂದು ತಾಸು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 200ರಂತೆ ಲೆಕ್ಕ ಹಾಕಿದರೆ 7,20,000 ಬಡಿತ. ಚಪ್ಪಾಳೆಯನ್ನು ಅಷ್ಟು ಸಲ ತಟ್ಟಿದರೆ ಅಂಗೈ ಏನಾದೀತು ಊಹಿಸಿ. ಕೈಗೆ ಗುಳ್ಳೆ, ಆಮೇಲೆ ಜಡ್ಡು ಬರುವಂತೆ ಧ್ವನಿತಂತುಗಳ ನಡುಭಾಗದಲ್ಲೂ ಪುಟ್ಟ ಗಂಟುಗಳು ಏಳುತ್ತವೆ. ಇವು ಕ್ಯಾನ್ಸರ್‌ ಅಲ್ಲ. ಹೆಚ್ಚಿನವು ದನಿ ಬಳಸುವ ರೀತಿ ತಿದ್ದಿಕೊಂಡರೆ, ವಾಕ್‌ ತಜ್ಞರ ತರಬೇತಿ ಪಡೆದರೆ ಶಸ್ತ್ರಚಿಕಿತ್ಸೆ ಇಲ್ಲದೆ ಇಳಿಯುತ್ತವೆ.

ಕುರುಗೋಡು, ಸಿರುಗುಪ್ಪ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಗಿರಣಿಯ ತೌಡಿನ ದೂಳಿನಲ್ಲಿ ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡುವ ಕೆಲಸಗಾರರು, ಬಳ್ಳಾರಿಯ ಜೀನ್ಸ್‌ ಘಟಕಗಳಲ್ಲಿ ದುಡಿಯುವವರು ಎರಡು ಕಡೆಯಿಂದ ಪೆಟ್ಟು ತಿನ್ನುತ್ತಾರೆ. ಒಂದು ಕೆರಳಿಸುವ ಗಾಳಿ, ಇನ್ನೊಂದು ಅರಚಾಟ. ಮೂಗು-ಬಾಯಿಗೆ ಒದ್ದೆ ಬಟ್ಟೆ ಕಟ್ಟುವುದಕ್ಕಿಂತ ಸರಿಯಾಗಿ ಕೂರುವ ಮಾಸ್ಕ್‌ ಮೇಲು. ಕೂಗಿ ಹೇಳುವ ಬದಲು ಹತ್ತಿರ ಹೋಗಿ ಹೇಳುವುದು ಇನ್ನೂ ಮೇಲು.

ಮೂರು ವಾರದ ಲೆಕ್ಕ

ನೆಗಡಿ ಬಂದು, ಜಾತ್ರೆಯಲ್ಲಿ ಕೂಗಿ, ದನಿ ಕಟ್ಟುವುದು ಎಲ್ಲರಿಗೂ ಇದ್ದದ್ದೇ. ಹೆಚ್ಚಾಗಿ ವೈರಸ್‌ ಕಾರಣ, ಒಂದೆರಡು ವಾರದಲ್ಲಿ ತಾನಾಗಿ ಸರಿಹೋಗುತ್ತದೆ. ಆ್ಯಂಟಿಬಯಾಟಿಕ್‌ ಬೇಕಿಲ್ಲ. ಆದರೆ ಮೂರು ವಾರ ಕಳೆದರೂ ದನಿ ಒರಟಾಗಿಯೇ ಇದೆ, ಅದರಲ್ಲೂ ಬೀಡಿ-ಸಿಗರೇಟು ಸೇದುವವರಲ್ಲಿ, ಎಂದರೆ ಮನೆಮದ್ದಿನ ಕಾಲ ಮುಗಿಯಿತು. ಧ್ವನಿಪೆಟ್ಟಿಗೆಯ ಒಳಗೆ ನೋಡಿಸಬೇಕು. ಅಮೆರಿಕದ ಗಂಟಲು ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಈ ಗಡುವನ್ನು ಹಿಂದಿದ್ದ ಮೂರು ತಿಂಗಳಿಂದ ನಾಲ್ಕು ವಾರಕ್ಕೆ ಇಳಿಸಿತು. ತಂಬಾಕಿನ ಚಟವಿದ್ದರೆ ಅಷ್ಟೂ ಕಾಯಬೇಡಿ ಎಂದಿತು. ಒಳಗೆ ನೋಡದೆ ಆ್ಯಂಟಿಬಯಾಟಿಕ್‌, ಸ್ಟೀರಾಯ್ಡ್‌ ಕೊಟ್ಟು ಕಳಿಸುವ ರೂಢಿ ಬೇಡ ಎಂದೂ ಹೇಳಿತು.

ಇಷ್ಟು ಅವಸರ ಏಕೆ? ಧ್ವನಿತಂತುವಿನ ಅಂಚಿನ ಮೇಲೆ ಸಾಸಿವೆಯಷ್ಟು ಗಡ್ಡೆ ಎದ್ದರೂ ತಂತುಗಳು ಸರಿಯಾಗಿ ಕೂಡುವುದಿಲ್ಲ, ದನಿ ಅಂದೇ ಬದಲಾಗುತ್ತದೆ. ದೇಹದ ಬೇರೆ ಎಷ್ಟೋ ಕ್ಯಾನ್ಸರ್‌ಗಳು ಗುಟ್ಟಾಗಿ ಬೆಳೆಯುತ್ತವೆ, ಇದು ಮೊದಲ ದಿನದಿಂದಲೇ ಕೂಗಿ ಹೇಳುತ್ತದೆ. ಆ ಹಂತದಲ್ಲಿ ಹಿಡಿದರೆ ವಿಕಿರಣ ಅಥವಾ ಲೇಸರ್‌ ಚಿಕಿತ್ಸೆಯಿಂದ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಗುಣ ಕಾಣುತ್ತದೆ, ದನಿಯೂ ಉಳಿಯುತ್ತದೆ. ಆರು ತಿಂಗಳು ಕಷಾಯ ಕುಡಿಯುತ್ತ ಕೂತು, ನುಂಗಲು ಕಷ್ಟವಾಗಿ, ಕೊರಳಲ್ಲಿ ಗಂಟು ಎದ್ದ ಮೇಲೆ ಬಂದರೆ ಇಡೀ ಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಹೊಗೆಯ ಜೊತೆ ಕುಡಿತವೂ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ದನಿ ಕೆಡಲು ಕಾರಣ ಕೊರಳಲ್ಲೇ ಇರಬೇಕೆಂದೂ ಇಲ್ಲ. ಧ್ವನಿತಂತುಗಳನ್ನು ಆಡಿಸುವ ನರ ಮೆದುಳಿನಿಂದ ನೇರ ಬರದೆ ಎದೆಯ ಕಡೆಗೆ ಇಳಿದು ಹಿಂತಿರುಗಿ ಏರುತ್ತದೆ. ಎಡಗಡೆಯದು ಹೃದಯದ ಬಳಿಯ ಮಹಾಪಧಮನಿಯನ್ನು ಸುತ್ತಿ ಬರುತ್ತದೆ. ಹಾಗಾಗಿ ಶ್ವಾಸಕೋಶದ ಗಡ್ಡೆಯಂಥ ಎದೆಯ ಕಾಯಿಲೆಗಳ ಮೊದಲ ಲಕ್ಷಣ ಕೆಲವೊಮ್ಮೆ ಬರೀ ಸೀಳುದನಿ. ಕ್ಷಯ ಧ್ವನಿಪೆಟ್ಟಿಗೆಗೇ ತಗಲುವುದೂ ಉಂಟು. ಥೈರಾಯ್ಡ್‌ ಹಾರ್ಮೋನು ಕಡಿಮೆಯಾದರೂ ದನಿ ದಪ್ಪಗಾಗುತ್ತದೆ. ಉಸಿರೆಳೆಯುವಾಗ ಕರ್ಕಶ ಸದ್ದು, ಉಗುಳಿನಲ್ಲಿ ರಕ್ತ, ಉಸಿರಿನ ಕಷ್ಟ ಇದ್ದರೆ ಮೂರು ವಾರವಲ್ಲ, ಮೂರು ತಾಸೂ ಕಾಯಬಾರದು. ಮಕ್ಕಳಲ್ಲಿ ಜ್ವರ, ಗಂಟಲಲ್ಲಿ ಬೂದು ಪೊರೆ, ಕಟ್ಟಿದ ದನಿ ಒಟ್ಟಿಗೆ ಕಂಡರೆ ಗಂಟಲಮಾರಿ ಇರಬಹುದು. ಲಸಿಕೆ ತಪ್ಪಿದ ಮಕ್ಕಳಲ್ಲಿ ಅದು ಇನ್ನೂ ಇದೆ.

ಪರೀಕ್ಷೆಗೆ ಹೆದರಬೇಕಿಲ್ಲ. ಗಾರ್ಸಿಯಾನ ಕನ್ನಡಿಯನ್ನೇ ಇಂದಿಗೂ ಬಳಸುವವರಿದ್ದಾರೆ, ಅಥವಾ ಮೂಗಿನ ಮೂಲಕ ಶಾವಿಗೆಯಂಥ ತೆಳು ಕ್ಯಾಮೆರಾ ಇಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಪ್ರಜ್ಞೆ ತಪ್ಪಿಸುವುದಿಲ್ಲ. ಜನ ಈಗಲೂ ವಿಮ್ಸ್‌ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಸಿರುಗುಪ್ಪ, ಕುರುಗೋಡಿನವರಿಗೆ ಬಸ್ಸಿನ ದೂರ.

ಪೆಟ್ಟಿಗೆ ತೆಗೆದವರ ಮಾತು ಅಲ್ಲಿಗೇ ಮುಗಿಯುವುದೂ ಇಲ್ಲ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಕವಾಟ ಕೂರಿಸಿದರೆ ಶ್ವಾಸಕೋಶದ ಗಾಳಿ ಅನ್ನನಾಳಕ್ಕೆ ನುಗ್ಗಿ, ಅಲ್ಲಿನ ಗೋಡೆಯೇ ಅದುರಿ ಹೊಸ ದನಿ ಕೊಡುತ್ತದೆ. ವಿದೇಶಿ ಕವಾಟಗಳಿಗೆ ಸಾವಿರಾರು ರೂಪಾಯಿ ಇದ್ದ ಕಾಲದಲ್ಲಿ ಬೆಂಗಳೂರಿನ ಕ್ಯಾನ್ಸರ್‌ ಶಸ್ತ್ರವೈದ್ಯ ಡಾ. ವಿಶಾಲ್‌ ರಾವ್‌ ಮತ್ತು ಅವರ ಗೆಳೆಯ ಶಶಾಂಕ್‌ ಮಹೇಶ್‌ ಸುಮಾರು 50 ರೂಪಾಯಿಯ "ಓಂ" ಎಂಬ ಕವಾಟ ರೂಪಿಸಿದರು. ಹೀಗೆ ಪೂರ್ತಿ ಪೆಟ್ಟಿಗೆ ತೆಗೆದವರು ಉಸಿರಾಡುವುದು ಕೊರಳಿನ ಕೆಳಗಿರುವ ತೂತಿನಿಂದ. ನೀವು ಅಂಥವರ ಜೊತೆ ಆಂಬುಲೆನ್ಸಿನಲ್ಲಿ ಹೋಗಬೇಕಾಗಿ ಬಂದರೆ ಸಿಬ್ಬಂದಿಗೆ ಮೊದಲು ಇದನ್ನೇ ಹೇಳಿ: ಆಮ್ಲಜನಕದ ಮಾಸ್ಕನ್ನು ಮುಖಕ್ಕಲ್ಲ, ಕೊರಳಿಗೆ ಹಿಡಿಯಬೇಕು.